ಅಟ್ಟದ ಮೇಲೆ ಪಿತೃಪಕ್ಷ

ಓದಿಗೂ ಒಂದು ಋತುಧರ್ಮವಿದೆ ಎಂಬುದು ನನ್ನ ಬಹುಕಾಲದ ಸಿದ್ಧಾಂತ. ಅವರೆಕಾಯಿಯನ್ನು ಯಾರೂ ಯುಗಾದಿಯಲ್ಲಿ ಹುಡುಕುವುದಿಲ್ಲ. ಮಾವಿನಹಣ್ಣಿಗೆಂದು ಸಂಕ್ರಾಂತಿಯ ದಿನ ಸಂತೆಗೆ ಹೋದವನನ್ನು ಊರು ನೋಡಿ ನಗುತ್ತದೆ. ಪುಸ್ತಕಕ್ಕೆ ಮಾತ್ರ ಈ ಮರ್ಯಾದೆ ಬೇಡವೇ? ಆದಕಾರಣ ನಾನು ಶ್ರಾವಣದಲ್ಲಿ ಪುರಾಣ ಓದುತ್ತೇನೆ. ಚಳಿಗಾಲದಲ್ಲಿ ಪತ್ತೇದಾರಿ. ಬೇಸಿಗೆಯಲ್ಲಿ, ಮಧುಗಿರಿಯ ಬೆಟ್ಟ ಕಾದ ಹೆಂಚಾಗಿ ಊರನ್ನೆಲ್ಲ ರೊಟ್ಟಿಯಂತೆ ಬೇಯಿಸುವಾಗ, ಹಿಮಾಲಯದ ಯಾತ್ರಾಕಥನ. ಇನ್ನು ಪಿತೃಪಕ್ಷದಲ್ಲಿ ದೆವ್ವದ ಕಥೆ. ತೀರಿಕೊಂಡ ಹಿರಿಯರೆಲ್ಲ ಮನೆಮನೆಗೆ ಊಟಕ್ಕೆ ಬರುವ ಪಕ್ಷ ಅದು. ಆಗ ಓದದೆ ದೆವ್ವದ ಕಥೆಯನ್ನು ಮತ್ತಾವಾಗ ಓದುವುದು?

ನಿಬಂಧನೆ ಒಂದೇ. ದೆವ್ವದ ಕಥೆಯನ್ನು ನಾನು ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಮಾತ್ರ ಓದುತ್ತೇನೆ. ಇದಕ್ಕೆ ಭಯ ಕಾರಣವಲ್ಲ. ಸೂರ್ಯ ಮುಳುಗಿದ ಮೇಲೆ ನನ್ನ ಕನ್ನಡಕ ಅಷ್ಟಾಗಿ ಕೆಲಸ ಮಾಡುವುದಿಲ್ಲ.

"ಮದುವೆ ಮನೆ ಎಲೇಲಿ ವಡೆ ಎಲ್ಲೈತೆ ಅಂತ ರಾತ್ರಿ ಹೊತ್ತೂ ಕಾಣ್ತದಲ್ಲ ಆ ಕನ್ನಡಕಕ್ಕೆ," ಎನ್ನುತ್ತಾಳೆ ನನ್ನ ಹೆಂಡತಿ ಸುಶೀಲ. ವೈಜ್ಞಾನಿಕ ವಿಷಯಗಳಲ್ಲಿ ಅವಳೊಡನೆ ವಾದಿಸುವುದನ್ನು ನಾನು ಬಿಟ್ಟಿದ್ದೇನೆ.

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಊರು ಕೂಗುವ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಉಳಿದಿರುವ ಚಟ ಒಂದೇ: ಹಳೇ ಪುಸ್ತಕ. ಹೊಸ ಪುಸ್ತಕದಲ್ಲಿ ಬರೀ ಕಥೆ ಇರುತ್ತದೆ. ಹಳೆಯದರಲ್ಲಿ ಅದನ್ನು ಓದಿದವರೂ ಇರುತ್ತಾರೆ. ಒಬ್ಬರು ಎಣ್ಣೆ ಕೈಯಲ್ಲಿ ಹಾಳೆ ಮಗುಚಿರುತ್ತಾರೆ, ಇನ್ನೊಬ್ಬರು ಕಡಲೆಕಾಯಿ ಸಿಪ್ಪೆಯನ್ನು ಗುರುತಿಗೆ ಇಟ್ಟು ಮರೆತಿರುತ್ತಾರೆ. ಒಂದು ಕಾದಂಬರಿಯಲ್ಲಿ ನಾಯಕಿ ಪ್ರಾಣ ಬಿಡುವ ಪುಟದ ಅಂಚಿಗೆ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ, "ಇದು ಲೇಖಕರ ತಪ್ಪು" ಎಂದು ಷರಾ ಬರೆದಿದ್ದರು. ಅಂಥ ನ್ಯಾಯಾಧೀಶರ ಪರಿಚಯ ಹೊಸ ಪುಸ್ತಕದಲ್ಲಿ ಹೇಗಾದೀತು?

ಆದರೆ ಮನೆಯಲ್ಲಿ ಪುಸ್ತಕ ಹೆಚ್ಚಾಗಿದೆ ಎಂಬ ಸುಶೀಲಳ ಆಪಾದನೆಯಲ್ಲೂ ಹುರುಳಿಲ್ಲದಿಲ್ಲ. ಅವು ಬೀರು ತುಂಬಿ, ಹೊಲಿಗೆ ಮಿಷನ್ನಿನ ಮೇಲೆ ಹತ್ತಿ, ಮಂಚದ ಕೆಳಗೆ ಇಳಿದು, ಕೊನೆಗೊಂದು ದಿನ ರಾಗಿಹಿಟ್ಟಿನ ಡಬ್ಬವನ್ನೂ ಪ್ರವೇಶಿಸಿದವು. ಗ್ರಹಚಾರಕ್ಕೆ ಅಂದೇ ನಮ್ಮ ಗಂಗಕ್ಕ ಮನೆಗೆ ಬಂದಿದ್ದಳು. ಗಂಗಕ್ಕ ನನ್ನ ಸ್ವಂತ ಅಕ್ಕ. ಪಾವಗಡದ ಆಚೆ ವೈ.ಎನ್.ಹೊಸಕೋಟೆಗೆ ಕೊಟ್ಟಿರುವುದು. ಮುದ್ದೆಗೆಂದು ಹಿಟ್ಟು ತೆಗೆಯಲು ಹೋದ ಸುಶೀಲಳ ಕೈಗೆ ಅಕ್ಕನ ಕಣ್ಣೆದುರೇ ಒಂದು ಪತ್ತೇದಾರಿ ಕಾದಂಬರಿ ಸಿಕ್ಕಿತು. ಕೊಲೆಗಾರನಿಗಿಂತ ಮೊದಲು ನಾನು ಸಿಕ್ಕಿಬಿದ್ದೆ.

"ಇನ್ನೊಂದೇ ಒಂದು ಪುಸ್ತಕ ಈ ಹೊಸ್ತಿಲು ದಾಟಲಿ," ಎಂದಳು ಸುಶೀಲ, "ಅದರ ಜೊತೆಗೆ ಮನೇಲಿರೋವೂ ಅಷ್ಟೂ ಗುಜರಿಗೆ ಹೋಗ್ತವೆ. ಅತ್ತಿಗೆ, ನೀವೇ ಸಾಕ್ಷಿ."

"ನಾನಿವ್ನಿ ಬುಡು ಕಣಮ್ಮ," ಎಂದಳು ಅಕ್ಕ. "ಏನ್ಲಾ, ಒಪ್ಕೊಂಡ್ಯಾ?"

ಒಪ್ಪಿಕೊಂಡೆ. ರಾಗಿ ಡಬ್ಬ ಮುಟ್ಟಿ ಮಾತು ಕೊಟ್ಟೆ. ಆ ಕ್ಷಣದಲ್ಲಿ ನನ್ನ ಉದ್ದೇಶ ಶುದ್ಧವಾಗಿಯೇ ಇತ್ತು.

ಅದು ಕೆಟ್ಟದ್ದು ಶಿರಾದಲ್ಲಿ. ಹುಲಿಕುಂಟೆಯಲ್ಲಿ ನೆಂಟರ ಮಗುವಿನ ನಾಮಕರಣ ಮುಗಿಸಿ ಬರುವಾಗ ಶಿರಾದಲ್ಲಿ ಬಸ್ಸು ಬದಲಿಸಬೇಕಾಯಿತು. ಬಸ್ಸಿಗೆ ಹೊತ್ತಿತ್ತು. ಹೊತ್ತಿದ್ದಾಗ ನನ್ನ ಕಾಲು ತಾನಾಗಿಯೇ ಗುಜರಿ ಅಂಗಡಿಯ ಕಡೆ ತಿರುಗುತ್ತದೆ; ನಾನು ಮೇಲಿನ ಭಾಗ ಮಾತ್ರ, ಅದರ ಹಿಂದೆ ಹೋಗುತ್ತೇನೆ. ಅಂಗಡಿಯ ಭಾಯಿ ನನ್ನನ್ನು ಕಂಡೊಡನೆ ಹಳೇ ಫ್ಯಾನುಗಳ ರಾಶಿಯಿಂದ ಎದ್ದು ನಿಂತರು.

"ಬನ್ನಿ ಬನ್ನಿ ಸಾರ್. ನಿಮ್ದೇ ಇಂತಜಾರ್ ಮಾಡ್ತಿದ್ದೆ. ನಿಮ್ ದೆವ್ವ ಬಂದೈತೆ."

"ನನ್ನ ದೆವ್ವವೇ?"

"ಖಾಲಿಸ್, ಅಸ್ಲಿ ದೆವ್ವ. ಒಂದ್ ಬಂಡಲ್ ಪೂರಾ. ಯಾರೋ ಮನೆ ಖಾಲಿ ಮಾಡಿ ಹಾಕಿ ಹೋದ್ರು. ನನ್ ಬೀವಿ ಚಿತ್ರ ನೋಡಿ, ಇದನ್ನ ಮನೆ ಹತ್ರ ತರಬ್ಯಾಡ ಅಂದ್ಳು. ನಿಮ್ ಮನೇಲಿ ಏನೂ ಅನ್ನಲ್ವಾ ಸಾರ್?"

"ಏನೂ ಅನ್ನುವುದಿಲ್ಲ," ಎಂದು ನಾನು ಗಂಭೀರವಾಗಿ ಹೇಳಿ, ಬಂಡಲನ್ನು ಎರಡೂ ಕೈಯಲ್ಲಿ ಸ್ವೀಕರಿಸಿದೆ.

ಎಂಥ ಬಂಡಲು ಅದು! ಸ್ಮಶಾನದ ಕಥೆ, ಪಾಳುಮನೆಯ ಕಥೆ, ಹುಣಸೆಮರದ ಕಥೆ, ಎಲ್ಲವೂ ಹಳದಿ ತಿರುಗಿದ ಹಾಳೆಗಳಲ್ಲಿ ಗೆದ್ದಲಿನ ರುಜುವಿನೊಡನೆ. ಒಂದರಲ್ಲಂತೂ ಮೈ ಜುಮ್ಮೆನ್ನುವ ಪುಟ ಬಂದಾಗಲೆಲ್ಲ ಹಿಂದಿನ ಓದುಗರೊಬ್ಬರು ಅಂಚಿನಲ್ಲಿ, "ಹೆದರಬೇಡಿ, ಎರಡು ಪುಟ ಆದಮೇಲೆ ಸರಿಹೋಗುತ್ತದೆ" ಎಂದು ಬರೆದಿದ್ದರು. ನನ್ನ ಕನ್ನಡಕದ ತೊಂದರೆ ಅವರಿಗೂ ಇದ್ದಿರಬೇಕು.

ಬಂಡಲನ್ನು ಕಡ್ಲೆಪುರಿಯ ಚೀಲದೊಳಗೆ ಹೂತು ಮನೆಗೆ ತಂದೆ. ಚೀಲ ಎತ್ತಿಡಲು ಬಂದ ಸುಶೀಲ, "ಸಿರಾ ಪುರಿ ಇಷ್ಟೊಂದು ತೂಕನಾ?" ಎಂದಳು. "ಅಲ್ಲಿಯ ಪುರಿಯೇ ಹಾಗೆ, ಗಟ್ಟಿ," ಎಂದೆ. ಮರುದಿನ ಅವಳು ನೀರು ಹಿಡಿಯಲು ಹೋದಾಗ ಬಂಡಲು ಅಟ್ಟ ಹತ್ತಿತು.

ನಮ್ಮ ನಡುಮನೆಯ ಮೇಲೆ ಹಲಗೆ ಹಾಸಿದ ಒಂದು ಅಟ್ಟವಿದೆ. ಹಬ್ಬದ ಪಾತ್ರೆ, ಮುರಿದ ತೊಟ್ಟಿಲು, ಹಳೇ ಚಾಪೆ ಅಲ್ಲಿಯ ನಿವಾಸಿಗಳು. ಹತ್ತಲು ಒಂದು ಬಿದಿರೇಣಿ. ಗೋಡೆಯ ಕಿಂಡಿಯಿಂದ ಬೆಳಗಿನ ಬಿಸಿಲು ನೇರವಾಗಿ ಪುಸ್ತಕದ ಮೇಲೆ ಬೀಳುವಂತೆ ಮನೆ ಕಟ್ಟಿದವರು ಅದೇಕೆ ಏರ್ಪಾಡು ಮಾಡಿದರೋ, ದೇವರೇ ಬಲ್ಲ. ನಾನು ಸುಶೀಲಳ ಮುಂದೆ ನಿಂತು, "ಹಿರಿಯರ ಹಬ್ಬ ಬಂತು. ಅಟ್ಟವನ್ನು ಈ ಸಲ ನಾನೇ ಶುಚಿ ಮಾಡುತ್ತೇನೆ," ಎಂದು ಘೋಷಿಸಿದೆ.

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಅಂದಿನಿಂದ ಪ್ರತಿದಿನ ತಿಂಡಿಯಾದ ಮೇಲೆ ಪೊರಕೆ ಹಿಡಿದು ಅಟ್ಟ ಹತ್ತುವುದು, ಆಗಾಗ ಹಲಗೆಯ ಮೇಲೆ ಪೊರಕೆಯನ್ನು ಎರಡು ಸಲ ಎಳೆದು ಸದ್ದು ಮಾಡುವುದು, ಉಳಿದಂತೆ ಸ್ಮಶಾನವಾಸ. ಸುಶೀಲ ಅಕ್ಕಪಕ್ಕದವರಿಗೆಲ್ಲ, "ನಮ್ಮನೆಯೋರು ಎಷ್ಟು ದಿವ್ಸದಿಂದ ಅಟ್ಟ ಗುಡಿಸ್ತಾವ್ರೆ ಗೊತ್ತಾ," ಎಂದು ಹೇಳಿಕೊಂಡಳು. ಎದುರು ಮನೆಯ ಗಂಡಸು ಮೂರು ದಿನ ನನ್ನ ಮುಖ ನೋಡಲಿಲ್ಲ.

ಹೀಗೆ ಅಮಾವಾಸ್ಯೆ ಬಂತು. ಅಂದೇ ಹಿರಿಯರ ಹಬ್ಬ.

ನಮ್ಮಲ್ಲಿ ಹಬ್ಬದ ಕ್ರಮ ಹೀಗೆ. ನಡುಮನೆಯಲ್ಲಿ ಅಪ್ಪನ ಫೋಟೋದ ಮುಂದೆ ಎಲೆ ಹಾಕಿ, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಎಡೆ ಇಡುವುದು: ಮುದ್ದೆ, ಕೋಳಿ ಸಾರು, ವಡೆ, ಪಾಯಸ, ಪಕ್ಕದಲ್ಲಿ ಒಂದು ಹೊಸ ಪಂಚೆ, ಒಂದು ಕಟ್ಟು ಬೀಡಿ. ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ನಿಲ್ಲುವುದು. ಒಳಗೆ ಹಿರಿಯರು ಬಂದು ನಿಶ್ಚಿಂತೆಯಿಂದ ಉಣ್ಣಬೇಕು. ಬದುಕಿರುವವರು ಬಾಯಿ ನೋಡುತ್ತ ನಿಲ್ಲಬಾರದು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ತೆಗೆಯುವುದು. ಕೆಮ್ಮುವುದು ಅವರಿಗೆ ಎದ್ದು ಹೋಗಲು ಸೂಚನೆ.

ಈ ಬಾಗಿಲ ಹೊರಗಿನ ಹೊತ್ತು ಗಂಗಕ್ಕನಿಗೆ ತುಂಬ ದೊಡ್ಡದು. ಅಪ್ಪ ನಮ್ಮ ಹಳ್ಳಿ ದೊಡ್ಡೇರಿಯಲ್ಲಿ ತೀರಿಕೊಂಡಾಗ ಅವಳು ಹೊಸಕೋಟೆಯಿಂದ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಪ್ರತಿ ವರ್ಷವೂ ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ, "ಅಪ್ಪಯ್ಯ, ಬಂದಿದ್ಯಾ?" ಎಂದು ಕೇಳುತ್ತಾಳೆ. ಒಳಗಿನಿಂದ ಏನೂ ಕೇಳಿಸುವುದಿಲ್ಲ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮುನಿಸ್ಕೊಂಡವ್ನೆ," ಎನ್ನುತ್ತಾಳೆ.

ಈಗ ನನ್ನ ಅತಿ ಜಾಣತನದ ವಿವರಕ್ಕೆ ಬರುತ್ತೇನೆ. ಬಂಡಲಿನಲ್ಲಿ ಒಂದೇ ಕಥೆ ಉಳಿದಿತ್ತು. ಪಾಳುಬಿದ್ದ ಊರಿನ ಬಾವಿಯೊಳಗಿಂದ ಯಾರೋ ದಿನಾ ಮಧ್ಯಾಹ್ನ ಊರಗೌಡನ ಹೆಸರು ಹಿಡಿದು ಕರೆಯುತ್ತಾರೆ. ಕಡೆಗೆ ಗೌಡ ಹಗ್ಗ ಕಟ್ಟಿಕೊಂಡು ತಾನೇ ಬಾವಿಗೆ ಇಳಿಯುತ್ತಾನೆ. ಪಕ್ಷ ಮುಗಿಯುವುದರೊಳಗೆ ಇದನ್ನು ಮುಗಿಸದಿದ್ದರೆ ಋತುಧರ್ಮಕ್ಕೆ ಚ್ಯುತಿ. ಬೀಡಿ ತರಲು ನನ್ನನ್ನೇ ಅಟ್ಟುತ್ತಾರೆಂದು ಗೊತ್ತಿದ್ದರಿಂದ ಹಿಂದಿನ ಸಂಜೆಯೇ ಬೀಡಿ ಕಟ್ಟು ತಂದು ಜೇಬಿನಲ್ಲಿಟ್ಟುಕೊಂಡಿದ್ದೆ. ಬೆಳಗ್ಗೆ ಸುಶೀಲ, "ರೀ, ಬೀಡಿ," ಎಂದ ಕೂಡಲೇ ಮುಂಬಾಗಿಲಿಂದ ಹೊರಟೆ, ಹಿತ್ತಲಿನಿಂದ ಒಳಬಂದೆ, ಏಣಿ ಹತ್ತಿದೆ. ಅಕ್ಕ ಭಾವ ಬರುವ ಪಾವಗಡದ ಬಸ್ಸು ಹೇಳಿದ ಹೊತ್ತಿಗೆ ಎಂದೂ ಬಂದದ್ದಲ್ಲ. ಇದು ನನ್ನ ಇಡೀ ಸೇವಾವಧಿಯ ಸಾರ. ಕಥೆ ಮುಗಿಸಿ, ಇಳಿದು, ಕೈಕಾಲು ತೊಳೆದುಕೊಳ್ಳುವಷ್ಟು ಸಮಯ ಧಾರಾಳವಾಗಿತ್ತು.

ಅಂದು ಬಸ್ಸು ಹೊತ್ತಿಗೆ ಬಂತು.

ಗೌಡ ಬಾವಿಯ ಅರ್ಧಕ್ಕೆ ಇಳಿದಿದ್ದಾಗ ಕೆಳಗೆ ಅಕ್ಕನ ದನಿ ಕೇಳಿಸಿತು.

"ಎಲ್ಲೋದ್ನೇ ಇವ್ನು? ಕಾಣಾಕಿಲ್ವಲ್ಲ."

"ಬೀಡಿ ತರೋಕೆ ಹೋದ್ರು ಅತ್ತಿಗೆ. ಬರ್ತಾರೆ," ಎಂದಳು ಸುಶೀಲ.

"ಬೀಡಿ ಕಟ್ಟಾಕೆ ಹೋದ್ನೇನೋ," ಎಂದರು ಭಾವ. ಭಾವನಿಗೆ ಸಕ್ಕರೆ ಕಾಯಿಲೆ. ಊಟ ತಡವಾದರೆ ಕಣ್ಣು ಕತ್ತಲೆ ಬರುತ್ತದೆ, ನಾಲಿಗೆ ಹರಿತವಾಗುತ್ತದೆ. "ನಾನು ಆ ಲೋಕಕ್ಕೆ ಹೋಗಿ ನಿಮ್ಮಪ್ಪನ ಪಕ್ಕದಾಗೆ ಕೂತ್ಕಂಡು ಉಣ್ಣೋ ಮೊದ್ಲು ಎಡೆ ಇಡ್ರಮ್ಮ. ಮೊದ್ಲು ಕಾಗೆಗೆ ಇಟ್ಬರ್ತೀನಿ. ನಿಚ್ಚೆನ ಎಲ್ಲೈತೆ?"

ನಿಚ್ಚೆನ ಎಂದರೆ ಏಣಿ. ಆ ಕಡೆ ಹಾಗೆ ತೆಲುಗು ಬೆರೆಸಿ ಮಾತಾಡುತ್ತಾರೆ. ನನಗೆ ಅರ್ಥವಾಗುವಷ್ಟರಲ್ಲಿ ಅದು ನನ್ನ ಕಣ್ಣ ಮುಂದೆಯೇ ಅಟ್ಟದ ಅಂಚಿನಿಂದ ಜಾರಿ, ಭಾವನ ಹೆಗಲೇರಿ ಹಿತ್ತಲಿಗೆ ಹೊರಟುಹೋಯಿತು. ಕಾಗೆಯ ಎಡೆಯನ್ನು ಮಾಳಿಗೆಯ ಮೇಲಿಡಬೇಕಲ್ಲ.

ಕೂಗಬಹುದಿತ್ತು. ಕೂಗಿದರೆ ಏಣಿಯ ಜೊತೆಗೆ ಸುಶೀಲಳೂ ಮೇಲೆ ಬರುತ್ತಾಳೆ. ಬಂಡಲನ್ನು ನೋಡುತ್ತಾಳೆ. ಸಾಕ್ಷಿ ಕೆಳಗೇ ನಿಂತಿದ್ದಾಳೆ. ನನ್ನ ಇಡೀ ಗ್ರಂಥಭಂಡಾರ ಸಂಜೆಯೊಳಗೆ ಗುಜರಿಯ ತಕ್ಕಡಿ ಹತ್ತುತ್ತದೆ. ಹಾಗಾಗಿ ಚಾಪೆಯ ಸುರುಳಿಯ ಹಿಂದೆ ಮಲಗಿ, ಎಲ್ಲರೂ ಹೊರಗೆ ಹೋದಾಗ ಹೇಗಾದರೂ ಇಳಿದರಾಯಿತು ಎಂದು ನಿಶ್ಚಯಿಸಿದೆ. ಇಳಿಯುವುದು ಹೇಗೆಂಬ ಅಂಶವನ್ನು ಸದ್ಯಕ್ಕೆ ಪರಿಶೀಲನೆಯಲ್ಲಿಟ್ಟೆ.

ಎಲ್ಲರೂ ಹೊರಗೇನೋ ಹೋದರು, ಆದರೆ ನನ್ನ ನೇರ ಕೆಳಗೆ ಎಡೆ ಇಟ್ಟು, ಒಂದು ಸೇರು ಸಾಂಬ್ರಾಣಿ ಹಾಕಿದಂತೆ ಹೊಗೆ ಎಬ್ಬಿಸಿ, ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ಮುಂಬಾಗಿಲನ್ನು ಎಳೆದುಕೊಂಡು.

ಹೊಗೆಯ ಗುಣ ಮೇಲೇರುವುದು. ಅಟ್ಟದ ಗುಣ ಹಿಡಿದಿಟ್ಟುಕೊಳ್ಳುವುದು. ಅಟ್ಟ ಗುಡಿಸುವ ವ್ರತದ ದಿನಗಳಲ್ಲಿ ನಾನು ನಿಜಕ್ಕೂ ಗುಡಿಸಿದ್ದರೆ ಅಷ್ಟು ಧೂಳಾದರೂ ಇರುತ್ತಿರಲಿಲ್ಲ. ಗಂಟಲು ಕೆರೆಯಿತು. ತಡೆದೆ. ಮತ್ತೂ ಕೆರೆಯಿತು. ಕೊನೆಗೆ ಬಾಯಿಗೆ ಟವೆಲ್ ತುರುಕಿಕೊಂಡರೂ "ಖ್ಹಹ್ಹಂ" ಎಂದು ಒಂದು ಸದ್ದು ಹೊರಬಿತ್ತು.

ಅಪ್ಪನ ಆಸ್ತಿಯಲ್ಲಿ ನನಗೆ ಪೂರ್ಣವಾಗಿ ಬಂದದ್ದು ಅವರ ಗಂಟಲೊಂದೇ. ಅದು ನನಗೆ ಮರೆತಿತ್ತು. ಬಾಗಿಲಾಚೆ ನಿಂತಿದ್ದ ಗಂಗಕ್ಕನಿಗೆ ಮರೆತಿರಲಿಲ್ಲ.

"ಸುಶೀಲ," ಎಂದಳು ಅಕ್ಕ. "ಅಪ್ಪ ಬಂದವ್ನೆ ಕಣೆ."

"ಏನೋ ಬೆಕ್ಕಿರ್ಬೇಕು ಅತ್ತಿಗೆ."

"ಬೆಕ್ಕು ಅಂಗೆ ಗಂಟ್ಲು ಸರಿ ಮಾಡ್ಕೊಂತದಾ? ನಾನು ಕೇಳಿಲ್ವಾ, ಹೊಲದಿಂದ ಬಂದು ಜಗಲಿ ಮ್ಯಾಲೆ ಕೂತ್ಕೊಂಡು ಹಿಂಗೇ ಅಂತಿದ್ದ. ಅಪ್ಪಯ್ಯ, ನಾನು ಗಂಗಿ ಕಣಪ್ಪ. ಬಂದ್ಯಾ?"

ನಾನು ಚಾಪೆಯ ಹಿಂದೆ ಇನ್ನಷ್ಟು ಮುದುಡಿಕೊಂಡೆ. ದೆವ್ವದ ಕಥೆಗಳಲ್ಲಿ ಮನುಷ್ಯರು ಹೆದರುತ್ತಾರೆ. ದೆವ್ವದ ಸ್ಥಾನದಲ್ಲಿರುವವನಿಗೆ ಎಷ್ಟು ಭಯವಾಗುತ್ತದೆ ಎಂದು ಯಾವ ಲೇಖಕನೂ ಬರೆದಿಲ್ಲ.

ಅಕ್ಕ ಮೊದಲು ಅತ್ತಳು. ಆಮೇಲೆ ಹೊಲದ ವಿಷಯ ಹೇಳಿದಳು, ಕಡಲೆಕಾಯಿ ಈ ಸಲ ಪರವಾಗಿಲ್ಲ ಎಂದಳು, ಭಾವನ ಸಕ್ಕರೆಯ ವಿಷಯ ಹೇಳಿದಳು. ("ನನ್ ವಿಷ್ಯ ಅವ್ರಿಗ್ಯಾಕೆ? ಉಂಡ್ರಾ ಕೇಳು," ಎಂದರು ಭಾವ.) ಕಡೆಗೆ ನನ್ನ ವಿಷಯಕ್ಕೆ ಬಂದಳು.

"ನಿನ್ ಮಗ ಚೆನ್ನಾಗವ್ನೆ. ಆದ್ರೆ ಕಂಡೋರ ಮನೆ ಹಳೇ ಪುಸ್ತಕ ಎಲ್ಲಾ ತಂದು ಗುಡ್ಡೆ ಹಾಕವ್ನೆ ಕಣಪ್ಪ. ಈ ಸುಶೀಲ ಪಾಪ, ಹಿಟ್ಟಿನ ಡಬ್ಬಕ್ಕೆ ಕೈ ಹಾಕಾಕೆ ಹೆದರ್ತಾಳೆ. ನೀನೇ ಒಂದು ಮಾತು ಹೇಳ್ಬುಡು. ಅಷ್ಟನ್ನೂ ಗುಜರಿಗೆ ಹಾಕಾಣಾ, ಬ್ಯಾಡ್ವಾ?"

ಅದೇ ಗಳಿಗೆಗೆ ನನಗೆ ಸೀನು ಬಂತು. ನಮ್ಮ ಮನೆತನದ ಸೀನು ಸಾಮಾನ್ಯದ್ದಲ್ಲ. ಅಪ್ಪ ಸೀನಿದರೆ ನಡೆಯುವ ಗಾಡಿಯ ಎತ್ತು ನಿಲ್ಲುತ್ತಿದ್ದವು. ಟವೆಲ್, ಚಾಪೆ, ಸಂಯಮ ಎಲ್ಲವನ್ನೂ ಭೇದಿಸಿ ಅದು ನಡುಮನೆಯನ್ನೆಲ್ಲ ತುಂಬಿತು.



"ಒಂಟಿ ಸೀನು," ಎಂದಳು ಅಕ್ಕ ನಿಧಾನವಾಗಿ. "ಅಪಶಕುನ. ಬ್ಯಾಡ ಅಂತಾವ್ನೆ. ಹಾಕ್ಬ್ಯಾಡಿ ಅಂತಾವ್ನೆ ಕಣೆ ಸುಶೀಲ."

ಒಂಟಿ ಸೀನು ಕೇಳಿದರೆ ನಮ್ಮ ಕಡೆಯವರು ಹೊರಟ ಪ್ರಯಾಣ ನಿಲ್ಲಿಸುತ್ತಾರೆ, ಒಪ್ಪಿದ ಸಂಬಂಧ ಬಿಡುತ್ತಾರೆ. ಇಂಥ ಜ್ಞಾನವಂತ ಸಮಾಜದಲ್ಲಿ ಹುಟ್ಟಿದ್ದಕ್ಕೆ ನಾನು ಅಟ್ಟದ ಮೇಲೆ ಮಲಗಿದಲ್ಲಿಯೇ ಕೈ ಮುಗಿದೆ. ನನ್ನ ಪುಸ್ತಕಗಳು ಉಳಿದವು. ಅದೂ ಸ್ವಯಂ ಅಪ್ಪನ ಅಪ್ಪಣೆಯಿಂದ. ಇನ್ನು ಇವರ್ಯಾರೂ ಜನ್ಮದಲ್ಲಿ ಗುಜರಿಯ ಹೆಸರೆತ್ತುವಂತಿಲ್ಲ. ಆನಂದದಿಂದ ಉದ್ದಕ್ಕೆ ಒಂದು ಉಸಿರೆಳೆದುಕೊಂಡೆ.

ಎಳೆದುಕೊಂಡದ್ದು ಸಾಂಬ್ರಾಣಿ.

ಎರಡನೆಯ ಸೀನು ಮೊದಲನೆಯದಕ್ಕಿಂತ ಸ್ಪಷ್ಟವಾಗಿತ್ತು.

"ಜೋಡಿ ಸೀನು!" ಎಂದಳು ಅಕ್ಕ. "ಶುಭ. ಹಾಕ್ಬುಡಿ ಅಂತಾವ್ನೆ. ಮೊದ್ಲು ಯೋಚ್ನೆ ಮಾಡ್ದ, ಆಮ್ಯಾಲೆ ಹೇಳ್ದ. ಯಾವಾಗ್ಲೂ ಅಂಗೇ ಅಲ್ವಾ ಅಪ್ಪ?"

ಮೇಲ್ಮನವಿಗೆ ಅವಕಾಶ ಒಂದೇ ಇತ್ತು. ಮೂರನೆಯದೊಂದು ಸೀನಿದರೆ, ಜೋಡಿಯ ಪಕ್ಕದಲ್ಲಿ ಒಂದು ಒಂಟಿ ನಿಲ್ಲುತ್ತದೆ. ತೀರ್ಪು ಗೊಂದಲಕ್ಕೆ ಬೀಳುತ್ತದೆ. ಟವೆಲಿನ ಅಂಚನ್ನು ಬತ್ತಿಯಂತೆ ಹೊಸೆದು ಮೂಗಿಗೆ ಹಾಕಿದೆ. ಏನೂ ಬರಲಿಲ್ಲ. ಧೂಳು ಹಿಡಿದು ಮೂಸಿದೆ. ಇಲ್ಲ. ಬೇಡವೆಂದಾಗ ಎತ್ತು ನಿಲ್ಲಿಸುವ ಮೂಗು ಬೇಕೆಂದಾಗ ಸರ್ಕಾರಿ ನಲ್ಲಿಯಾಗಿತ್ತು. ಕೊನೆಗೆ ಬಾಯಲ್ಲೇ ಸೀನಿನ ಸದ್ದು ಮಾಡಲು ಹೋದೆ. ಅದು ಕೆಮ್ಮಾಗಿ ಬಂತು.

"ಬೀಡಿ ಕೇಳ್ತಾವ್ನೆ," ಎಂದಳು ಅಕ್ಕ. "ಎಡೇಗೆ ಬೀಡಿ ಇಟ್ಟಿಲ್ವಲ್ಲಮ್ಮ. ಈ ಮುಂಡೇದು ಎಲ್ಲಿ ಹಾಳಾಗೋಯ್ತು?"

ಮುಂಡೇದು ಜೇಬಿನಲ್ಲಿ ಬೀಡಿ ಇಟ್ಟುಕೊಂಡು ಅವಳ ತಲೆಯ ಮೇಲೆ ಮಲಗಿತ್ತು. ಕೆಮ್ಮಿನ ರಭಸಕ್ಕೆ ಮೊಣಕೈ ಬಂಡಲಿಗೆ ತಗುಲಿತು. ತೆರೆದಿಟ್ಟಿದ್ದ ಬಾವಿಯ ಕಥೆಯ ಪುಸ್ತಕ ಅಂಚಿಗೆ ಜಾರಿ, ಒಂದು ಕ್ಷಣ ಯೋಚಿಸಿ, ಕೆಳಗೆ ಹೋಯಿತು. ಗೌಡ ಬಾವಿಯ ತಳ ಮುಟ್ಟಿದನೋ ಇಲ್ಲವೋ ತಿಳಿಯಲಿಲ್ಲ. ಪುಸ್ತಕ ಮಾತ್ರ ಪಾಯಸದ ತಳ ಮುಟ್ಟಿತು.

ಕೆಮ್ಮಲೂ ಇಲ್ಲ, ತಟ್ಟಲೂ ಇಲ್ಲ, ಬಾಗಿಲು ತೆರೆದುಕೊಂಡಿತು. ಹಲಗೆಯ ಸಂದಿನಿಂದ ನನಗೆ ಮೂರು ತಲೆ ಕಂಡವು. ಎಲೆಯ ನಡುವೆ ಪಾಯಸದಲ್ಲಿ ಮಿಂದ ಪುಸ್ತಕ. ಮುಖಪುಟದಲ್ಲೊಬ್ಬ ಹೆಂಗಸು: ಬಿಚ್ಚಿದ ಕೂದಲು, ಗುಡ್ಡೆ ಗುಡ್ಡೆ ಕಣ್ಣು, ಹೊರಗೆ ಚಾಚಿದ ಕೆಂಪು ನಾಲಿಗೆ.

"ಅಟ್ಟದ ಮ್ಯಾಲಿಂದ ಬಿದ್ದಿರ್ಬೋದು," ಎಂದರು ಭಾವ.

"ಸುಮ್ಕಿರಿ ನೀವು," ಎಂದಳು ಅಕ್ಕ. ಅವಳಿಗೆ ಓದು ಬರುವುದಿಲ್ಲ. ಎರಡೂ ಕೈಯಿಂದ ಪುಸ್ತಕ ಎತ್ತಿ ಚಿತ್ರವನ್ನು ನೋಡಿದಳು. "ಯಾವ್ದೋ ಅಮ್ಮನೋರ ಪುಸ್ತಕ. ಮನೇಲಿರೋವೆಲ್ಲ ಹಾಕ್ಬುಡಿ, ಇದೊಂದು ಮಡಿಕ್ಕೊಳ್ಳಿ ಅಂತ ಕೈಯಾರೆ ಕೊಟ್ಟವ್ನೆ. ನೋಡಿಲ್ಲಿ, ಪಾಯಸ ಉಂಡ ಬೆಳ್ಳಿನ ಗುರ್ತು ಇನ್ನೂ ಅಂಟೈತೆ."

ಸುಶೀಲ ಪುಸ್ತಕ ನೋಡಲಿಲ್ಲ. ಅವಳು ನಿಧಾನವಾಗಿ ಕತ್ತೆತ್ತಿದಳು. ಹಲಗೆಯ ಸಂದಿನಲ್ಲಿ ನನ್ನ ಒಂದು ಕಣ್ಣು, ಅವಳ ಎರಡು ಕಣ್ಣು. ಎಷ್ಟೋ ವರ್ಷಗಳ ದಾಂಪತ್ಯದಲ್ಲಿ ನಾವು ಅಷ್ಟು ದೀರ್ಘವಾಗಿ ಒಬ್ಬರನ್ನೊಬ್ಬರು ನೋಡಿದ್ದಿಲ್ಲ.

"ಅತ್ತಿಗೆ," ಎಂದಳು ಅವಳು ಕಣ್ಣು ಕೀಳದೆ, "ನೀವೂ ಅಣ್ಣನೂ ಜಗಲಿ ಮೇಲೆ ಕೂತ್ಕೊಳ್ಳಿ. ಅಲ್ಲೇ ಬಡಿಸ್ತೀನಿ. ಮಾವನೋರು ಇನ್ನೂ ಪೂರ್ತಿ ಹೋದಂಗಿಲ್ಲ."

ಅವರನ್ನು ಊಟಕ್ಕೆ ಕೂರಿಸಿ ಬಂದು ಏಣಿ ತಂದಿಟ್ಟಳು. ನಾನು ಇಳಿದೆ. ಬಂಡಲು ಅವಳಿಗೆ ಕಂಡಿತ್ತು. ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು:

"ಪುಸ್ತಕದ ಮಾತು ಆಮೇಲೆ. ಅತ್ತಿಗೆ ನಂಬ್ಕೊಂಡು ಕೂತವ್ರೆ. ಹೋಗಿ ಹೇಳಿ, ಸೀನಿದ್ದು ಅಪ್ಪ ಅಲ್ಲ, ನಾನು ಅಂತ. ನಿಜ ಹೇಳಿದ್ರೆ ನಿಮ್ಮ ಪುಸ್ತಕದ ತಂಟೆಗೆ ನಾನು ಬರಲ್ಲ. ಇರೋವೂ ಇರ್ಲಿ, ಈ ಬಂಡಲೂ ಇರ್ಲಿ. ಈ ರಾಗಿ ಡಬ್ಬ ಮುಟ್ಟಿ ಹೇಳ್ತೀನಿ."

ಇಷ್ಟು ಉದಾರವಾದ ರಾಜಿ ಸೂತ್ರ ಯಾವ ನ್ಯಾಯಾಲಯದಲ್ಲೂ ಸಿಗುವುದಿಲ್ಲ. ಹಿತ್ತಲಿನಿಂದ ಸುತ್ತಿ, ಬೀಡಿ ಕಟ್ಟು ಕೈಯಲ್ಲಿ ಹಿಡಿದು, ಮಾತುಗಳನ್ನು ಜೋಡಿಸಿಕೊಳ್ಳುತ್ತ ಜಗಲಿಗೆ ಹೋದೆ.

ಅಕ್ಕ ಉಣ್ಣುತ್ತಿದ್ದಳು. ಸಾಮಾನ್ಯವಾಗಿ ಈ ಹಬ್ಬದ ದಿನ ಅವಳು ಎಲೆಯ ಮುಂದೆ ಕೂತು ಎದ್ದುಬಿಡುತ್ತಾಳೆ. ಇಂದು ಎರಡನೆಯ ಮುದ್ದೆ ಮುರಿಯುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ಚಿಕ್ಕಂದಿನಲ್ಲಿ ಅಪ್ಪ ಸಂತೆಯಿಂದ ಬಂದಾಗ ಹಾಗೆ ಅರಳುತ್ತಿತ್ತು.

"ಎಲ್ಲೋಗಿದ್ಲಾ? ಅಪ್ಪ ಬಂದಿದ್ದ ಕಣ್ಲಾ. ನನ್ ಮಾತಿಗೆ ಉತ್ರ ಕೊಟ್ಟ. ಕೊನೆಗಾಲ್ದಾಗೆ ಒಂದು ಮಾತು ಆಡ್ಲಿಲ್ವಲ್ಲ ಅಂತ ಇಷ್ಟು ವರ್ಷ ಕೊರಗ್ತಿದ್ದೆ. ಬಂದು ಆಡ್ಬುಟ್ಟು ಹೋದ. ನೀನು ಬೀಡಿ ಹಿಡ್ಕೊಂಡು ಈಗ ಬತ್ತಿದೀಯಾ."

ಬಾಯಿ ತೆರೆದೆ. ಒಳಗೆ ಬೀರುವಿನಲ್ಲಿ, ಮಂಚದ ಕೆಳಗೆ, ಹೊಲಿಗೆ ಮಿಷನ್ನಿನ ಮೇಲೆ ನನ್ನ ಪುಸ್ತಕಗಳೆಲ್ಲ ಕಿವಿಗೊಟ್ಟು ಕಾಯುತ್ತಿದ್ದವು. ಬಾಗಿಲಲ್ಲಿ ಸುಶೀಲ ನಿಂತಿದ್ದಳು.

"ಅಂಗಡೀಲಿ ಜನ ಜಾಸ್ತಿ ಇದ್ದರು ಅಕ್ಕ," ಎಂದೆ.

"ತಲೆ ಮ್ಯಾಲೇನ್ಲಾ ಜೇಡರಬಲೆ?"

"ಬೀಡಿ ಅಂಗಡೀಲಿ ಇರ್ತದೆ ಅತ್ತಿಗೆ," ಎಂದು ಉತ್ತರಿಸಿದವಳು ಸುಶೀಲ. ಒಳಗೆ ಹೋಗಿ, ಕೇಳದೆಯೇ ನನ್ನ ಎಲೆಗೆ ಎರಡು ಸೌಟು ಪಾಯಸ ಹಾಕಿದಳು. ನನ್ನ ಜೀವನದಲ್ಲಿ ಅಷ್ಟು ದುಬಾರಿ ಪಾಯಸ ಕುಡಿದಿಲ್ಲ.

ಅಪ್ಪನ ಅಪ್ಪಣೆ ಅಂದೇ ಜಾರಿಯಾಯಿತು. ಅಕ್ಕ ಬಸ್ಸು ಹತ್ತುವ ಮೊದಲು ಕಣ್ಣಾರೆ ನೋಡಬೇಕೆಂದಳು. ಗೋಣಿಚೀಲ ತುಂಬಿದವನು ನಾನು, ಬಾಯಿ ಹೊಲಿದವಳು ಸುಶೀಲ, ಆಟೋಗೆ ಹೊತ್ತವರು ಹೊಟ್ಟೆ ತುಂಬಿದ್ದ ಭಾವ. ಊರಿನ ಗುಜರಿಯವನು ಒಳ್ಳೆಯ ಮನುಷ್ಯ. ಈಗಲೂ ನಾನು ಬೆಳಗಿನ ತಿಂಡಿಯಾದ ಮೇಲೆ ಅವನಲ್ಲಿಗೆ ಹೋಗಿ, ಒಂದು ಕೆಟ್ಟ ವಾಷಿಂಗ್ ಮಿಷನ್ನಿನ ಮೇಲೆ ಕೂತು, ನನ್ನದೇ ಪುಸ್ತಕಗಳನ್ನು ಮಾರಿಹೋಗುವ ಮುಂಚೆ ಓದಿ ಬರುತ್ತೇನೆ.

ಬಾವಿಯ ಕಥೆಯ ಪುಸ್ತಕ ಮಾತ್ರ ಅಲ್ಲಿ ಸಿಗುವುದಿಲ್ಲ. ಅದು ಅಕ್ಕನ ಮಡಿಲಲ್ಲಿ ಹೊಸಕೋಟೆಗೆ ಪ್ರಯಾಣ ಮಾಡಿತು. ದೀಪಾವಳಿಗೆ ನಾವು ಅಲ್ಲಿಗೆ ಹೋದಾಗ ನೋಡಿದೆ. ದೇವರ ಗೂಡಿನಲ್ಲಿ ಹಳದಿ ಬಟ್ಟೆಯ ಮೇಲೆ ನಿಲ್ಲಿಸಿದ್ದರು. ಮುಖಪುಟದ ಹೆಂಗಸಿನ ಹಣೆಗೆ ಕುಂಕುಮ, ಬಿಚ್ಚಿದ ಕೂದಲಿಗೆ ಸೇವಂತಿಗೆ, ಚಾಚಿದ ನಾಲಿಗೆಯ ಹತ್ತಿರ ಒಂದು ಚೂರು ಬೆಲ್ಲ. ಬಾವಿಯೊಳಗಿದ್ದವರು ಯಾರೆಂದು ತಿಳಿಯಲು ನನಗೆ ಬೇಕಾದದ್ದು ಒಂದೇ ಒಂದು ಹಾಳೆ. ಕೈ ಚಾಚಿದೆ.

"ಮುಟ್ಬ್ಯಾಡ ಕಣ್ಲಾ. ಅಪ್ಪ ಕೊಟ್ಟಿದ್ದು. ದೂರದಿಂದ ಅಡ್ಡ ಬೀಳು," ಎಂದಳು ಅಕ್ಕ.

ಅಡ್ಡ ಬಿದ್ದೆ. ಎದ್ದೇಳುವಾಗ ಪಕ್ಕದ ಮನೆಯ ಅಜ್ಜಿಯೊಬ್ಬಳು ದೀಪಕ್ಕೆ ಎಣ್ಣೆ ತಂದವಳು ನನ್ನ ಹಿಂದೆ ನಿಂತು ಕೈ ಮುಗಿಯುತ್ತಿದ್ದಳು.

"ಇದು ಯಾವ ದೇವ್ರು ನಾಯನಾ? ಗಂಗಮ್ಮನ್ನ ಕೇಳಿದ್ರೆ ಅಳ್ತದೆ, ಹೇಳಲ್ಲ."

ಅಕ್ಕ ನನ್ನನ್ನು ನೋಡುತ್ತಿದ್ದಳು. ಸುಶೀಲಳೂ ನೋಡುತ್ತಿದ್ದಳು. ನಾನು ಕೆದರಿದ ಕೂದಲು, ಗುಡ್ಡೆಗಣ್ಣು, ಕೆಂಪು ನಾಲಿಗೆಗಳನ್ನು ಭಕ್ತಿಯಿಂದ ಒಮ್ಮೆ ನೋಡಿ ಹೇಳಿದೆ:

"ನಮ್ಮ ತಂದೆಯವರು."

ಅಜ್ಜಿ ಚಿತ್ರವನ್ನು ನೋಡಿದಳು, ನನ್ನ ಮುಖ ನೋಡಿದಳು, ಇನ್ನೊಮ್ಮೆ ಚಿತ್ರ ನೋಡಿದಳು.

"ಔನು," ಎಂದಳು. "ನಿನ್ನಂಗೇ ಐತೆ."